ಎಕ್ಕದಲ್ಲಿ ಮಕರಂದ, ಹೊನ್ನಾವರಿಕೆಯಲ್ಲಿ ಪರಾಗ

ತುಮಕೂರು ದಾಟಿ ಚಿತ್ರದುರ್ಗದ ಕಡೆ ಹೋದರೆ ರಸ್ತೆಯಂಚಿನಲ್ಲಿ ಯಾರೂ ನೆಡದ, ಯಾರೂ ನೀರು ಹಾಕದ ಎರಡು ಗಿಡಗಳು ಅಕ್ಕಪಕ್ಕದಲ್ಲೇ ಬೆಳೆದಿರುತ್ತವೆ. ಒಂದು ಎಕ್ಕ, ಇನ್ನೊಂದು ಹೊನ್ನಾವರಿಕೆ. ಕೆಲವು ಕಡೆ ಇದಕ್ಕೇ ತಂಗಡಿ ಅನ್ನುತ್ತಾರೆ. ಎರಡರ ಹೂವಿನ ಮೇಲೂ ದಪ್ಪನೆಯ ಕಪ್ಪು ದುಂಬಿಯೊಂದು ಗುಂಯ್‌ಗುಡುತ್ತ ಓಡಾಡುತ್ತಿರುತ್ತದೆ. ಒಣಮರ, ಬಿದಿರು, ಹಳೇ ಮನೆಯ ತೊಲೆಯಲ್ಲಿ ದುಂಡನೆಯ ತೂತು ಕೊರೆಯುವುದು ಇದೇ. ಬಡಗಿ ದುಂಬಿ ಎಂದು ಕರೆದರೂ ಇದು ಜೇನಿನ ಕುಲದ್ದೇ. ಗೂಡಲ್ಲಿ ರಾಣಿಯಿಲ್ಲ, ಸಾವಿರಾರು ಕೆಲಸಗಾರ್ತಿಯರಿಲ್ಲ. ತಾಯಿಯೊಬ್ಬಳೇ ಕೊರೆದು, ತುಂಬಿ, ಮೊಟ್ಟೆಯಿಟ್ಟು ಮುಚ್ಚಬೇಕು.

ಈ ಎರಡು ಗಿಡಗಳನ್ನು ಒಟ್ಟಿಗೆ ನೋಡಿದರೆ ಕಾಡುಜೇನುಗಳ ಊಟದ ವಿಚಾರ ಮುಕ್ಕಾಲುಪಾಲು ಅರ್ಥವಾಗುತ್ತದೆ. ಎಕ್ಕದ ಹೂವಿನಲ್ಲಿ ಮಕರಂದ ಧಾರಾಳ. ಪರಾಗವೂ ಇದೆ, ಆದರೆ ತಿನ್ನುವ ಹಾಗಿಲ್ಲ. ಅದು ಪುಡಿಯಾಗಿ ಉದುರುವುದಿಲ್ಲ, ಮೇಣದಂಥ ಜೋಡಿ ಪೊಟ್ಟಣಗಳಲ್ಲಿ ಕೂತಿರುತ್ತದೆ. ದುಂಬಿಯ ಕಾಲಿಗೆ ಪೊಟ್ಟಣ ಸಿಕ್ಕಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ, ಅಷ್ಟೇ. ಹೊನ್ನಾವರಿಕೆಯದು ಇದಕ್ಕೆ ತದ್ವಿರುದ್ಧ. ಹಳದಿ ಹೂ ಮೈತುಂಬ ಬಿಟ್ಟಿದ್ದರೂ ಹೂವಿನೊಳಗೆ ಮಕರಂದದ ಹನಿಯಿಲ್ಲ, ಇರುವುದು ಪರಾಗ ಮಾತ್ರ. ಎಕ್ಕವೊಂದೇ ಇರುವ ಬಯಲಲ್ಲಿ ಬಡಗಿ ದುಂಬಿ ಹಾರಾಡುತ್ತ ಬದುಕಬಹುದು, ಮರಿ ಮಾಡಲಾರದು. ಹೊನ್ನಾವರಿಕೆಯೊಂದೇ ಇರುವಲ್ಲಿ ಪರಾಗ ರಾಶಿ ಬಿದ್ದಿದ್ದರೂ ಅದನ್ನು ಹೊತ್ತು ತರಲು ರೆಕ್ಕೆಗೆ ಕಸುವಿಲ್ಲ. "ನಮ್ಮ ಕಡೆ ಹೂವಿಗೇನು ಕಮ್ಮಿ, ಆದರೂ ಜೇನು ಯಾಕಿಲ್ಲ" ಅನ್ನುವವರು ಹೂವನ್ನು ಎಣಿಸುತ್ತಾರೆಯೇ ಹೊರತು ಯಾವ ಹೂ ಏನು ಕೊಡುತ್ತದೆ ಎಂದು ನೋಡುವುದಿಲ್ಲ.

ಮಕರಂದವೆಂದರೆ ಹೆಚ್ಚುಕಡಿಮೆ ಸಕ್ಕರೆ ನೀರು. ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಈ ಮೂರೇ ಮುಖ್ಯ, ಉಳಿದದ್ದು ಲೇಶ. ಹಾರಾಟಕ್ಕೆ, ಮೈ ಬಿಸಿ ಮಾಡಿಕೊಳ್ಳಲು ಬೇಕಾದ ಉರುವಲು ಇದು. ಮೈ ಕಟ್ಟುವುದಕ್ಕೆ ಬೇಕಾದದ್ದೆಲ್ಲ ಪರಾಗದಲ್ಲಿದೆ: ಪ್ರೋಟೀನ್, ಕೊಬ್ಬು, ಸ್ಟೆರಾಲ್, ವಿಟಮಿನ್, ಖನಿಜ. ಗಂಡು ಜೇನು ಮಕರಂದದಲ್ಲೇ ಕಾಲ ತಳ್ಳುತ್ತದೆ. ಹೆಣ್ಣಿಗೆ ಮೊಟ್ಟೆ ಬಲಿಯಲೂ ಪರಾಗ ಬೇಕು, ಮರಿಗೆ ಬುತ್ತಿ ಕಟ್ಟಲೂ ಪರಾಗ ಬೇಕು.

ಆ ಬುತ್ತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಡಗಿ ದುಂಬಿಯ ಗೂಡಿರುವ ಒಣ ಬಿದಿರನ್ನು ಉದ್ದಕ್ಕೆ ಸೀಳಿದರೆ ಸುರಂಗದೊಳಗೆ ಒಂದರ ಹಿಂದೊಂದು ಕೋಣೆಗಳು. ಕೋಣೆಗಳ ನಡುವಿನ ಗೋಡೆ ಮರದ ಹೊಟ್ಟನ್ನೇ ಜಗಿದು ಅಂಟಿಸಿದ್ದು. ಪ್ರತಿ ಕೋಣೆಯಲ್ಲೂ ಪರಾಗಕ್ಕೆ ಮಕರಂದ ಕಲಸಿ ನಾದಿದ ಗಟ್ಟಿ ಉಂಡೆ, ಅದರ ಮೇಲೆ ಬೆಳ್ಳನೆಯ, ಕೊಂಚ ಬಾಗಿದ ಒಂದು ಮೊಟ್ಟೆ. ಇಡೀ ಕೀಟಲೋಕದಲ್ಲೇ ಅತಿ ದೊಡ್ಡ ಮೊಟ್ಟೆಗಳ ಸಾಲಿಗೆ ಸೇರುವಂಥದ್ದು ಅದು. ಮರಿಹುಳುವಿಗೆ ಹುಟ್ಟಿನಿಂದ ಕೋಶಾವಸ್ಥೆಯವರೆಗೆ ಸಿಗುವ ಊಟ ಆ ಉಂಡೆಯಷ್ಟೇ. ಉಂಡೆ ಸಣ್ಣದಾದರೆ ಹೊರಬರುವ ದುಂಬಿಯೂ ಸಣ್ಣದು. ರೆಕ್ಕೆ ಬಂದ ಮೇಲೆ ತಿಂದು ದೊಡ್ಡದಾಗುವ ಮಾತೇ ಇಲ್ಲ, ಕೀಟಕ್ಕೆ ಆಮೇಲೆ ಮೈ ಬೆಳೆಯುವುದಿಲ್ಲ. ಎಲೆ ಕತ್ತರಿಸುವ ಜೇನು, ನೀಲಿಪಟ್ಟೆ ಜೇನು ಮುಂತಾದ ಒಂಟಿ ಜೇನುಗಳದ್ದೂ ಇದೇ ಕ್ರಮ, ಬುತ್ತಿಯ ಹದ ಮಾತ್ರ ಬೇರೆ. ನೀಲಿಪಟ್ಟೆ ಜೇನು ಮಣ್ಣಿನ ಬಿಲದ ಕೋಣೆಗೆ ಮೇಣದಂಥ ಲೇಪ ಹಚ್ಚಿ ಗಂಜಿಯಷ್ಟು ತೆಳ್ಳಗಿನ ಬುತ್ತಿ ಇಡುತ್ತದೆ. ಲೇಪ ಸರಿಯಾಗದಿದ್ದರೆ ನೆಲದ ತೇವ ಒಳಗಿಳಿದು ಬುತ್ತಿಗೆ ಬೂಸು ಹಿಡಿಯುತ್ತದೆ, ಮರಿ ಉಳಿಯುವುದಿಲ್ಲ.

ಇಂಥ ಒಂದು ಬುತ್ತಿಗೆ ಎಷ್ಟು ಹೂ ಬೇಕು? ಯುರೋಪಿನ ಒಂಟಿ ಜೇನುಗಳ ಮೇಲೆ 2006ರಲ್ಲಿ ಪ್ರಕಟವಾದ ಲೆಕ್ಕವೊಂದಿದೆ. ಪರೀಕ್ಷಿಸಿದ ಪ್ರಭೇದಗಳಲ್ಲಿ ನೂರಕ್ಕೆ 85ರಷ್ಟಕ್ಕೆ ಒಂದೇ ಮರಿ ಸಾಕಲು 30ಕ್ಕೂ ಹೆಚ್ಚು ಹೂಗಳ ಅಷ್ಟೂ ಪರಾಗ ಬೇಕಾಗಿತ್ತು. ಕೆಲವಕ್ಕೆ ಸಾವಿರ ಹೂವೂ ಸಾಲದಾಗಿತ್ತು. ಅಷ್ಟೂ ಪರಾಗ ಎಂಬುದನ್ನು ಗಮನಿಸಬೇಕು. ಅದೇ ಹೂವಿಗೆ ಇರುವೆ, ನೊಣ, ಚಿಟ್ಟೆ, ತುಡುವೆ ಜೇನು ಎಲ್ಲ ಬರುತ್ತವೆ, ಗಾಳಿಗೆ ಉದುರುವುದು ಉದುರುತ್ತದೆ, ಒಂದು ಪಾಲು ಹೂವಿನ ಬೀಜಕ್ಕೂ ಹೋಗಬೇಕು. ಹಾಗಾಗಿ ನಿಜಕ್ಕೂ ಬೇಕಾಗುವ ಹೂವಿನ ಸಂಖ್ಯೆ ಇನ್ನೂ ಹೆಚ್ಚು. ಬಾಲ್ಕನಿಯ ನಾಲ್ಕು ಕುಂಡದಿಂದ ಜೇನು ಉಳಿಸುತ್ತೇವೆ ಅನ್ನುವವರ ಉತ್ಸಾಹ ಕುಗ್ಗಿಸುವುದು ಬೇಡ, ಆದರೆ ಆ ಕುಂಡಗಳು ಒಂದೆರಡು ಮರಿಯ ಬುತ್ತಿಗೂ ಸಾಲುವುದು ಕಷ್ಟ.

ಇನ್ನು ಗುಣದ ಮಾತು. ಪರಾಗದಲ್ಲಿ ಪ್ರೋಟೀನ್ ಪ್ರಮಾಣ ಗಿಡದಿಂದ ಗಿಡಕ್ಕೆ ನೂರಕ್ಕೆ 2.5ರಿಂದ 61ರವರೆಗೆ ಏರಿಳಿಯುತ್ತದೆ. ಜೇನಿಗೆ ಅಗತ್ಯವಾದ ಅಮೈನೋ ಆಮ್ಲಗಳು 10. ಅವುಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಹೆಚ್ಚು ಬೇಕು. ಹತ್ತರಲ್ಲಿ ಒಂದು ಕೊರತೆಯಾದರೂ ಉಳಿದ ಒಂಬತ್ತು ಮೈಗೆ ಪೂರ್ತಿ ಹತ್ತುವುದಿಲ್ಲ. ನೀಲಗಿರಿ ಮರದ ಪರಾಗದಲ್ಲಿ ಐಸೊಲ್ಯೂಸಿನ್ ಕಡಿಮೆ, ಕೊಬ್ಬೂ ತೀರ ತೆಳು. ಕೋಲಾರ, ಚಿಕ್ಕಬಳ್ಳಾಪುರದ ನೀಲಗಿರಿ ತೋಪಿನಲ್ಲಿ ಜೇನುತುಪ್ಪ ಸಿಕ್ಕೀತು, ಅದೊಂದನ್ನೇ ನಂಬಿದ ಸಂಸಾರ ಬಡಕಲಾಗುತ್ತದೆ. ಮೆಕ್ಕೆಜೋಳ ಗಾಳಿಗೆ ಬೇಕಾದಷ್ಟು ಪರಾಗ ತೂರುತ್ತದೆ, ತುಡುವೆ ಜೇನು ಮುಂಜಾನೆ ಅದನ್ನು ತುಂಬಿಕೊಂಡೂ ಬರುತ್ತದೆ, ಆದರೆ ಪುಷ್ಟಿ ಕಮ್ಮಿ. ಸೂರ್ಯಕಾಂತಿಯದೂ ಪ್ರೋಟೀನ್ ಕಡಿಮೆಯ ಪರಾಗವೇ. ಅದರಲ್ಲೊಂದು ವಿಚಿತ್ರವಿದೆ: ಅಮೆರಿಕದ ಬಂಬಲ್‌ಬೀಗಳಿಗೆ ಸೂರ್ಯಕಾಂತಿ ಪರಾಗ ತಿನ್ನಿಸಿದಾಗ ಅವುಗಳ ಕರುಳಿನ ಒಂದು ಪರಾವಲಂಬಿ ರೋಗಾಣು ಗಣನೀಯವಾಗಿ ಇಳಿದದ್ದು 2018ರ ಪ್ರಯೋಗದಲ್ಲಿ ಕಂಡುಬಂತು. ಊಟವಾಗಿ ಕಳಪೆಯಾದದ್ದು ಮದ್ದಾಗಿ ಒದಗಬಹುದು. ಹಾಗೆಂದು ಮದ್ದನ್ನೇ ಮೂರು ಹೊತ್ತು ಉಣ್ಣಲಾಗದು.

ಸ್ಟೆರಾಲ್‌ ವಿಷಯವನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ನಮ್ಮ ಮೈ ಕೊಲೆಸ್ಟರಾಲ್ ಎಂಬ ಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೀಟಕ್ಕೆ ಆ ಶಕ್ತಿಯಿಲ್ಲ, ಊಟದಲ್ಲೇ ಬರಬೇಕು. ಜೀವಕೋಶದ ಪೊರೆಗೂ, ಮರಿಹುಳು ಪೊರೆ ಕಳಚುವ ಹಾರ್ಮೋನಿಗೂ ಇದೇ ಮೂಲವಸ್ತು. ಯಾವ ಗಿಡದ ಪರಾಗದಲ್ಲಿ ಯಾವ ಸ್ಟೆರಾಲ್ ಎಂಬುದೂ ಬೇರೆ ಬೇರೆ. ಬಗೆಬಗೆಯ ಹೂ ಬೇಕು ಅನ್ನುವುದಕ್ಕೆ ಇರುವ ಗಟ್ಟಿ ಕಾರಣಗಳಲ್ಲಿ ಇದೊಂದು.

ಇಷ್ಟಾದರೂ "ಪರಾಗ ಯಾವುದಾದರೇನು, ಬೆರೆಸಿ ತಿಂದರಾಯಿತು" ಎನ್ನಲಾಗದು. ಪರಾಗಕಣದ ಹೊರಗೋಡೆ ಸಸ್ಯಲೋಕದ ಅತಿ ಗಟ್ಟಿ ವಸ್ತುಗಳಲ್ಲೊಂದು, ಆಮ್ಲಕ್ಕೂ ಜಗ್ಗದು. ಜೇನು ಅದನ್ನು ಒಡೆಯುವುದೂ ಇಲ್ಲ, ಕರಗಿಸುವುದೂ ಇಲ್ಲ. ಮೊಳಕೆ ಹೊರಡಲೆಂದು ಗೋಡೆಯಲ್ಲಿರುವ ಕಂಡಿಗಳ ಮೂಲಕ ಒಳಗಿನ ಸಾರವನ್ನು ಕರುಳಿನಲ್ಲಿ ಹೀರಿಕೊಂಡು ಖಾಲಿ ಸಿಪ್ಪೆಯನ್ನು ಹೊರಹಾಕುತ್ತದೆ. ಈ ಕೆಲಸ ಎಲ್ಲ ಜೇನಿಗೂ ಎಲ್ಲ ಪರಾಗದಲ್ಲೂ ಸಾಧ್ಯವಾಗುವುದಿಲ್ಲ. ಯುರೋಪಿನ ಆಸ್ಮಿಯಾ ಜಾತಿಯ ಎರಡು ಜೇನುಗಳು ಹತ್ತಿರದ ನೆಂಟರು, ಎರಡೂ ಹತ್ತಾರು ಹೂಗಳಿಗೆ ಹೋಗುವಂಥವು. ಬಟರ್‌ಕಪ್ ಹೂವಿನ ಪರಾಗವೊಂದನ್ನೇ ಕೊಟ್ಟಾಗ ಒಂದರ ಮರಿ ಬೆಳೆಯಿತು, ಇನ್ನೊಂದರದ್ದು ಸತ್ತಿತು. ಎಕಿಯಮ್ ಎಂಬ ನೀಲಿಹೂವಿನ ಪರಾಗ ಕೊಟ್ಟಾಗ ಫಲಿತಾಂಶ ಅದಲುಬದಲು. ಗಿಡಕ್ಕೆ ತನ್ನ ಪರಾಗ ಪೂರ್ತಿ ತಿಂದುಹೋಗುವುದು ಬೇಡ, ಜೇನಿಗೆ ಅದು ಬೇಕೇ ಬೇಕು. ಹೂವೂ ದುಂಬಿಯೂ ಕಾವ್ಯದಲ್ಲಿ ಇದ್ದಷ್ಟು ಅನ್ಯೋನ್ಯವಾಗಿಲ್ಲ.

ಈ ಎಳೆದಾಟ ಕಣ್ಣಿಗೆ ಕಾಣಬೇಕಾದರೆ ಹೊನ್ನಾವರಿಕೆಯ ಹೂವನ್ನೇ ಬಿಡಿಸಬೇಕು. ಹತ್ತು ಕೇಸರಗಳು. ಮೇಲಿನ ಮೂರು ಪೊಳ್ಳು. ನಡುವಿನವು ಗಿಡ್ಡ, ದುಂಬಿಯ ಬಾಯಿಗೂ ಕಾಲಿಗೂ ಸರಿಯಾಗಿ ಸಿಗುವಂತಿವೆ. ಕೆಳಗಿನವು ಉದ್ದವಾಗಿ ಬಾಗಿವೆ. ಪರಾಗ ಹೊರಬರುವುದು ತುದಿಯ ಸಣ್ಣ ತೂತಿನಿಂದ ಮಾತ್ರ, ಸುಮ್ಮನೆ ಕೆದಕಿದರೆ ಬರುವುದಿಲ್ಲ. ದುಂಬಿ ನಡುವಿನ ಕೇಸರಗಳನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನಷ್ಟೇ ಸೆಕೆಂಡಿಗೆ ನೂರಾರು ಸಲ ನಡುಗಿಸುತ್ತದೆ. ಹಾರುವಾಗಿನ ಸದ್ದಿಗಿಂತ ಇದರ ಸದ್ದು ಕೀರಲು, ತುಂಡುತುಂಡು. ಹತ್ತಿರ ನಿಂತರೆ ವ್ಯತ್ಯಾಸ ತಿಳಿಯುತ್ತದೆ. ನಡುವಿನ ಕೇಸರದ ಪರಾಗ ದುಂಬಿಯ ಪಾಲು. ಅದೇ ನಡುಕಕ್ಕೆ ಉದ್ದ ಕೇಸರಗಳಿಂದ ಚಿಮ್ಮಿದ್ದು ದುಂಬಿಯ ಕಾಲು ಅಷ್ಟಾಗಿ ತಲುಪದ ಜಾಗದಲ್ಲಿ ಕೂತು ಮುಂದಿನ ಹೂವಿಗೆ ಹೋಗುತ್ತದೆ.

ಬದನೆ, ಟೊಮೆಟೊ, ಮಲೆನಾಡಿನ ನೆಕ್ಕರಿಕ, ಇವೆಲ್ಲವೂ ಹೀಗೆ ಝೇಂಕರಿಸಿ ಪರಾಗ ಬಿಡಿಸುವ ಹೂಗಳೇ, ಮಕರಂದವಿಲ್ಲದವು. ಇಂಥ ಹೂಗಳ ಪರಾಗದಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ತುಡುವೆ, ಹೆಜ್ಜೇನು, ಕೋಲುಜೇನಿಗೆ ಈ ವಿದ್ಯೆ ಬರುವುದಿಲ್ಲ. ಬೇರೆಯವರು ಚೆಲ್ಲಿದ್ದನ್ನು ಆಯ್ದುಕೊಂಡು ಹೋಗುತ್ತವೆ. ಬದನೆ ಹೊಲಕ್ಕೆ ತುಡುವೆ ಪೆಟ್ಟಿಗೆ ತಂದಿಟ್ಟು ಇಳುವರಿ ಏರಲಿಲ್ಲ ಎಂದು ಬೇಸರಪಡುವವರು ನೋಡಬೇಕಾದದ್ದು ನೀಲಿಪಟ್ಟೆ ಜೇನನ್ನು. ಅದು ಬದನೆಯಲ್ಲಿ ಪರಾಗ ತುಂಬಿಕೊಂಡು ಮಕರಂದಕ್ಕೆ ತುಂಬೆ, ತುಳಸಿಗೆ ಹೋಗಲೇಬೇಕು. ಬದುವಿನ ತುಂಬೆಯನ್ನು ಕಳೆಯೆಂದು ಕಿತ್ತ ಹೊಲದಲ್ಲಿ ಆ ಜೇನಿಗೆ ಅರ್ಧ ಊಟ. ಗೂಡಿಗೆ ಅದಕ್ಕೆ ಮಣ್ಣುಗೋಡೆ, ಬೋಳು ದಿಣ್ಣೆ ಬೇಕು. ಹಳ್ಳಿಗಳಲ್ಲಿ ಮಣ್ಣುಗೋಡೆಗೆ ಸಿಮೆಂಟು ಬಳಿದದ್ದೂ ಅದರ ಲೆಕ್ಕಕ್ಕೆ ಸೇರುತ್ತದೆ.

ಮಕರಂದದಲ್ಲೂ ಎಲ್ಲ ಹೂ ಎಲ್ಲರಿಗಲ್ಲ. ಚುಚ್ಚದ ಪುಟ್ಟ ಮಿಸರಿ ಜೇನಿನ ನಾಲಿಗೆ ಗಿಡ್ಡ, ಕೊತ್ತಂಬರಿ, ಬೇವಿನಂಥ ತೆರೆದ ಪುಟ್ಟ ಹೂ ಅದಕ್ಕೆ ಅನುಕೂಲ. ಉದ್ದ ಕೊಳವೆಯ ಹೂವಿಗೆ ನೀಲಿಪಟ್ಟೆಯಂಥ ಉದ್ದ ನಾಲಿಗೆಯವು ಬೇಕು. ಬಡಗಿ ದುಂಬಿ ಕೆಲವೊಮ್ಮೆ ಹೂವಿನ ಬುಡವನ್ನೇ ಸೀಳಿ ಕದಿಯುತ್ತದೆ. ಬಿಸಿಲೇರಿದಂತೆ ಮಕರಂದದ ನೀರಾರಿ ಮಂದವಾಗುತ್ತದೆ, ಸಕ್ಕರೆ ನೂರಕ್ಕೆ 60 ದಾಟಿದರೆ ಹೀರುವುದೇ ಪ್ರಯಾಸ. ಮಳೆ ಬಿದ್ದರೆ ತೆಳುವಾಗಿ, ಹೊತ್ತು ತಂದ ಶ್ರಮಕ್ಕೆ ಸಿಹಿ ಸಾಲದು.

ಉಪ್ಪಿನ ಮಾತನ್ನೂ ಇಲ್ಲೇ ಮುಗಿಸಿಬಿಡಬಹುದು. ಹೂವಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಅತ್ಯಲ್ಪ. ಜೇನುಗಳು ಕೊಚ್ಚೆನೀರಿಗೆ, ಬಚ್ಚಲ ಮೋರಿಗೆ ಮುತ್ತುವುದು, ಬೆವರಿದ ತೋಳಿನ ಮೇಲೆ ಪುಟ್ಟ ಜೇನು ಬಂದು ಕೂರುವುದು ಆ ಕೊರತೆ ತುಂಬಿಕೊಳ್ಳಲು. ಓಡಿಸುವ ಅಗತ್ಯವಿಲ್ಲ.

ಗೂಡು ಕಟ್ಟಿ ಸಂಸಾರ ಮಾಡುವ ಜೇನಿಗೂ ಒಂಟಿ ಜೇನಿಗೂ ಇರುವ ದೊಡ್ಡ ಅಂತರ ಉಗ್ರಾಣದ್ದು. ತುಡುವೆ ಎರಿಯಲ್ಲಿ ಪರಾಗವನ್ನೂ ತುಪ್ಪವನ್ನೂ ಕೂಡಿಡುತ್ತದೆ. ಮಿಸರಿ ಪುಟ್ಟ ಮೇಣದ ಕುಡಿಕೆಗಳಲ್ಲಿ ತುಂಬಿಡುತ್ತದೆ. ಹೆಜ್ಜೇನು ಒಂದೂರಲ್ಲಿ ಹೂ ಮುಗಿದರೆ ಎರಿ ಬಿಟ್ಟು ಇನ್ನೊಂದೂರಿಗೆ ಹೊರಡುತ್ತದೆ, ಬೆಳದಿಂಗಳಲ್ಲೂ ಮೇವಿಗೆ ಹೋಗಬಲ್ಲದು. ಒಂಟಿ ಜೇನಿಗೆ ಇದ್ಯಾವುದೂ ಇಲ್ಲ, ಅಂದು ತಂದದ್ದು ಅಂದಿನ ಬುತ್ತಿಗೆ. ಸಣ್ಣ ಒಂಟಿ ಜೇನುಗಳು ಗೂಡಿನಿಂದ ಮೇವಿಗೆ ಹೋಗುವ ದೂರ 150ರಿಂದ 600 ಮೀಟರ್ ಅಷ್ಟೇ. ಆ ವೃತ್ತದೊಳಗೆ ಪರಾಗದ ಹೂ, ಮಕರಂದದ ಹೂ, ಗೂಡಿನ ಜಾಗ ಮೂರೂ ಇರಬೇಕು. ಮೇವು ದೂರವಾದಷ್ಟೂ ತಾಯಿ ಗೂಡು ಬಿಟ್ಟಿರುವ ಹೊತ್ತು ಹೆಚ್ಚುತ್ತದೆ. ನೀಲಿ ಚುಕ್ಕೆಯ ಕೋಗಿಲೆ ಜೇನು ಕಾಯುವುದು ಅದನ್ನೇ: ನೀಲಿಪಟ್ಟೆಯ ತೆರೆದ ಕೋಣೆಗೆ ನುಗ್ಗಿ ತನ್ನ ಮೊಟ್ಟೆ ಇಟ್ಟು ಹೋಗುತ್ತದೆ, ಬುತ್ತಿ ಅದರ ಮರಿಗೆ. ಮೇವಿನ ಬರ ಬಂದಾಗ ಅನೇಕ ಒಂಟಿ ಜೇನುಗಳಲ್ಲಿ ಹೆಣ್ಣುಮರಿ ಕಡಿಮೆಯಾಗಿ ಗಂಡು ಹೆಚ್ಚುತ್ತವೆ. ಗಂಡಿನ ಬುತ್ತಿ ಸಣ್ಣದು, ಇರುವುದರಲ್ಲಿ ಅದನ್ನಾದರೂ ತುಂಬಬಹುದು. ಜೇನು ಒಮ್ಮೆಗೇ ಸತ್ತು ಬೀಳದೆ ಎರಡು ಮೂರು ವರ್ಷದಲ್ಲಿ ಮೆಲ್ಲಗೆ ಕಾಣೆಯಾಗುವುದು ಹೀಗೆ.

ಆದ್ದರಿಂದ ಹೂವಿನ ಪಟ್ಟಿಗಿಂತ ಹೂವಿನ ಪಂಚಾಂಗ ಮುಖ್ಯ. ಕೊಡಗಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದರೆ ಇಡೀ ಬೆಟ್ಟ ಬೆಳ್ಳಗೆ, ಹೆಜ್ಜೇನಿಗೆ ಹಬ್ಬ. ಮೂರು ನಾಲ್ಕು ದಿನಕ್ಕೆ ಹಬ್ಬ ಮುಗಿಯುತ್ತದೆ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹೊಸ ಚಿಗುರು ಬಿಟ್ಟಾಗ ಎಲೆತೊಟ್ಟಿನ ಗ್ರಂಥಿಗಳಿಂದ ಸಿಹಿ ಒಸರುತ್ತದೆ. ಪೆಟ್ಟಿಗೆಗಳಲ್ಲಿ ತುಪ್ಪ ತುಂಬುತ್ತದೆ, ಪರಾಗ ಮಾತ್ರ ಆ ಎಲೆಯಿಂದ ಒಂದು ಕಣವೂ ಇಲ್ಲ. ತುಪ್ಪ ಹೆಚ್ಚಾದದ್ದನ್ನು ಜೇನು ಕ್ಷೇಮವಾಗಿರುವ ಲಕ್ಷಣ ಎಂದುಕೊಂಡರೆ ಎಡವಿದಂತೆ. ಆಗ ಪರಾಗಕ್ಕೆ ತೆಂಗು, ಅಡಿಕೆ ಹಾಗೂ ಬೇಲಿಸಾಲಿನ ಕಾಡುಗಿಡಗಳೇ ಗತಿ. ಮಳೆಗಾಲದಲ್ಲಿ ಮಲೆನಾಡಿನ ಜೇನಿಗೆ ನಿಜವಾದ ಬರ. ಆ ಹೊತ್ತಿಗೆ ತೋಟದಂಚಿನ ಮುಟ್ಟಿದರೆ ಮುನಿ ಬೆಳಗಿನ ಹೊತ್ತು ಬಿಡುವ ನಸುಗೆಂಪು ಹೂ ಪರಾಗದ ಆಸರೆ. ಕಾಲಿಗೆ ಮುಳ್ಳು ಚುಚ್ಚುತ್ತದೆಂದು ಅದಕ್ಕೂ ಕಳೆನಾಶಕ ಹೊಡೆಯುತ್ತಾರೆ.

ಬಯಲುಸೀಮೆಯಲ್ಲಿ ಈ ಪಂಚಾಂಗವನ್ನು ರೈತರೇ ಬರೆದಿದ್ದರು, ಜೇನಿಗೆಂದಲ್ಲ, ಮನೆಯ ಬೇಳೆಕಾಳಿಗೆ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದೆಂದರೆ ಹುಚ್ಚೆಳ್ಳು, ಸಾಸಿವೆ, ಅವರೆ, ತೊಗರಿ ಜೊತೆಗೂಡಿದಂತೆ. ರಾಗಿಯ ತೆನೆಯಿಂದ ಜೇನಿಗೆ ಹೇಳಿಕೊಳ್ಳುವಂಥದ್ದೇನೂ ಸಿಗದು. ಸಾಸಿವೆ, ಹುಚ್ಚೆಳ್ಳು ಮೊದಲು ಅರಳಿ ಸಣ್ಣ ಜೇನುಗಳನ್ನು ಸಾಕುತ್ತವೆ, ಬೆನ್ನಿಗೇ ತೊಗರಿ, ಆಮೇಲೆ ಚಳಿಗಾಲದ ಅವರೆ. ತೊಗರಿ, ಅವರೆಯ ಮುಚ್ಚಿದ ಹೂವನ್ನು ಒತ್ತಿ ತೆರೆಯುವ ಬಲ ಬಡಗಿ ದುಂಬಿಗೂ ಎಲೆ ಕತ್ತರಿಸುವ ಜೇನಿಗೂ ಇದೆ. ಯುಗಾದಿಯ ಹೊತ್ತಿಗೆ ಹೊಂಗೆ, ಬೇವು, ಅದರ ಹಿಂದೆ ಹುಣಸೆ. ನಡುನಡುವೆ ಎಕ್ಕ, ಹೊನ್ನಾವರಿಕೆ, ನುಗ್ಗೆ. ಬರೀ ರಾಗಿ, ಬರೀ ಮೆಕ್ಕೆಜೋಳದ ಹೊಲ ಬಂದ ಮೇಲೆ ಸೆಪ್ಟೆಂಬರಿನಿಂದ ಜನವರಿಯವರೆಗಿನ ಪುಟಗಳು ಹರಿದುಹೋದವು. ಬೇಸಿಗೆಯ ಕಂತು ತುಂಬುತ್ತಿರುವುದರಲ್ಲಿ ಬಳ್ಳಾರಿ ಜಾಲಿಯೂ ಇದೆ ಎಂಬುದನ್ನು ಒಪ್ಪಬೇಕು. ಹುಲ್ಲುಗಾವಲು ನುಂಗಿದ ಗಿಡವೇ ಒಣತಿಂಗಳಲ್ಲಿ ಜೇನಿಗೆ ಪರಾಗವನ್ನೂ ಮಕರಂದವನ್ನೂ ಕೊಡುತ್ತದೆ. ಅದನ್ನು ತೆಗೆಯುವುದೇ ಸರಿ. ಆದರೆ ಒಂದೇ ವರ್ಷದಲ್ಲಿ ಬುಡಸಮೇತ ತೆಗೆದು ಅಲ್ಲಿ ಏನೂ ನೆಡದೆ ಬಿಟ್ಟರೆ ಜೇನಿಗೆ ಹಸಿವೇ ಗತಿ.

ಕಲಬುರಗಿಯ ತೊಗರಿ ಹೊಲದಲ್ಲಿ ತೊಡಕು ಬೇರೆ. ಕಾಯಿಕೊರಕಕ್ಕೆ ಔಷಧಿ ಹೊಡೆಯುವ ಕಾಲವೂ ಹೂ ಬಿಡುವ ಕಾಲವೂ ಒಂದೇ. ಜೇನು ಹೊಲದಲ್ಲಿಲ್ಲದ ಸಂಜೆ ಆರರ ನಂತರ ಹೊಡೆಯಿರಿ ಎಂಬ ಸಲಹೆ ಸರಿಯಾದದ್ದೇ, ಪೂರ್ತಿ ರಕ್ಷಣೆಯಲ್ಲ. ತೊಗರಿ ಹೂ ಮರುದಿನಕ್ಕೂ ತೆರೆದಿರಬಹುದು, ಮೇಲೆ ಬಿದ್ದದ್ದು ಅಲ್ಲೇ ಇರುತ್ತದೆ. ಇನ್ನೊಂದು ದಾರಿಯನ್ನು ಎಷ್ಟೋ ಜನ ಗಮನಿಸಿಲ್ಲ: ಎಲೆ ಕತ್ತರಿಸುವ ಜೇನು ತೊಗರಿಯ ಎಲೆಯನ್ನೇ ದುಂಡಗೆ ಕತ್ತರಿಸಿ ಕೋಣೆಗೆ ಒಳಪದರ ಮಾಡುತ್ತದೆ. ಔಷಧಿ ಬಿದ್ದ ಎಲೆಯಲ್ಲಿ ಸುತ್ತಿದ ಬುತ್ತಿ, ಅದರ ಮೇಲೆ ಮೊಟ್ಟೆ. ಕೀಟ ಹಾನಿಯ ಮಟ್ಟ ಮೀರಿದೆಯೇ ಎಂದು ಹೊಲದಲ್ಲಿ ಎಣಿಸಿ ನೋಡಿ, ಮೀರದಿದ್ದರೆ ಒಂದು ಸಿಂಪಡಣೆ ಬಿಡುವುದು ಸಂಜೆ ಹೊಡೆಯುವುದಕ್ಕಿಂತ ದೊಡ್ಡ ಉಪಕಾರ, ಖರ್ಚೂ ಉಳಿಯುತ್ತದೆ.

ಊರಿನ ಕೈತೋಟದ ವಿಚಾರಕ್ಕೆ ಬಂದರೆ ಮೊದಲು ಹೂವಿನ ನಡುವೆ ನೋಡಬೇಕು. ಸುತ್ತುಸುತ್ತು ಎಸಳಿನ ಗುಲಾಬಿ, ಮುದ್ದೆ ದಾಸವಾಳಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಪೂಜೆಗೆ ಚೆನ್ನ, ಜೇನಿಗೆ ಖಾಲಿ ತಟ್ಟೆ. ಒಂಟಿ ಎಸಳಿನ ದಾಸವಾಳದಲ್ಲಿ ಪರಾಗ ಕಾಣುವಷ್ಟಿದ್ದರೂ ಕಣ ದಪ್ಪ, ಮೈತುಂಬ ಮುಳ್ಳು, ಕಾಲಿನ ಬುಟ್ಟಿಯಲ್ಲಿ ಉಂಡೆ ಕಟ್ಟುವುದು ಕಷ್ಟ. ಬೋಗನ್‌ವಿಲ್ಲಾದಿಂದ ಊಟ ಅಷ್ಟಾಗಿ ಸಿಗದಿದ್ದರೂ ಅದರ ಬಣ್ಣದ ಎಲೆಯನ್ನು ಎಲೆ ಕತ್ತರಿಸುವ ಜೇನು ಗೂಡಿಗೆ ಒಯ್ಯುತ್ತದೆ. ಜಾಗ ಕಮ್ಮಿಯಿದ್ದರೆ ತುಳಸಿ, ಹೂವಿಗೆ ಬಿಟ್ಟ ಕೊತ್ತಂಬರಿ, ಎರಡು ಬದನೆ, ಬೇಲಿಗೊಂದು ಅವರೆ ಬಳ್ಳಿ ಸಾಕು, ಪರಾಗವೂ ಮಕರಂದವೂ ಎರಡೂ ಆದವು. ತಟ್ಟೆಯಲ್ಲಿ ಸಕ್ಕರೆ ನೀರು ಇಡುವ ಅಭ್ಯಾಸ ಬೇಡ. ಅದರಲ್ಲಿ ಮರಿ ಬೆಳೆಸುವ ಯಾವ ಅಂಶವೂ ಇಲ್ಲ. ಇರುವೆ ಮುತ್ತುತ್ತವೆ, ಜೇನು ಮುಳುಗಿ ಸಾಯುತ್ತವೆ, ಒಂದೇ ತಟ್ಟೆಗೆ ಹತ್ತು ಗೂಡಿನವು ಬಂದರೆ ರೋಗವೂ ಹಂಚಿಕೆಯಾಗುತ್ತದೆ. ಮಳೆಗಾಲದಲ್ಲಿ ತುಡುವೆ ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಕೊಡುವುದು ಸಾಕಣೆಯವರ ಮಾತು, ಕಾಡುಜೇನಿಗೆ ಅದು ಹೊಂದುವುದಿಲ್ಲ.

ಹೊಲವಿರುವವರಿಗೆ ಕಡಿಮೆ ಖರ್ಚಿನ ದಾರಿ ಹಸಿರೆಲೆ ಗೊಬ್ಬರಕ್ಕೆ ಹಾಕುವ ಸೆಣಬಿನಲ್ಲಿದೆ. ಬಿತ್ತಿ 45-50 ದಿನಕ್ಕೆ, ಹೂ ಶುರುವಾಗುತ್ತಿದ್ದಂತೆ, ಅದನ್ನು ಮಗ್ಗುಲು ಮಗುಚಿ ಉಳುತ್ತಾರೆ. ಗೊಬ್ಬರದ ದೃಷ್ಟಿಯಿಂದ ಅದೇ ಸರಿಯಾದ ಹದ, ಕಾಂಡ ಬಲಿತರೆ ಕೊಳೆಯುವುದು ತಡವಾಗುತ್ತದೆ. ಬದುವಿಗೆ ತಾಗಿದ ಎರಡು ಮೂರು ಸಾಲನ್ನಷ್ಟೇ ಉಳದೆ ಬಿಟ್ಟರೆ ದೊಡ್ಡ ಹಳದಿ ಹೂ ವಾರಗಟ್ಟಲೆ ಅರಳುತ್ತದೆ. ಪರಾಗವೂ ಮಕರಂದವೂ ಒಂದೇ ಹೂವಿನಲ್ಲಿ ಸಿಗುವ ಗಿಡ ಇದು. ಎಸಳನ್ನು ಒತ್ತಿದಾಗ ತುದಿಯಿಂದ ಪರಾಗ ಪಿಚಕಾರಿಯಂತೆ ಹೊರಬರುತ್ತದೆ, ಒತ್ತಲು ಬೇಕಾದ ಭಾರ ಬಡಗಿ ದುಂಬಿ, ಎಲೆ ಕತ್ತರಿಸುವ ಜೇನಿನಂಥವಕ್ಕೇ ಇರುವುದು. ಅವು ಬಂದ ಸಾಲಿನಲ್ಲಿ ಕಾಯಿ ಕಟ್ಟುತ್ತದೆ, ಮುಂದಿನ ವರ್ಷದ ಬಿತ್ತನೆಗೆ ಬೀಜ ಕೊಳ್ಳಬೇಕಾಗಿಲ್ಲ. ಅದೇ ಬದುವಿನಲ್ಲಿ ಹೊನ್ನಾವರಿಕೆ ಇದ್ದರೆ ಪೂರ್ತಿ ಸವರದೆ, ಈ ವರ್ಷ ಅರ್ಧ, ಮುಂದಿನ ವರ್ಷ ಉಳಿದರ್ಧ ಸವರಬಹುದು. ಒಣಗಿದ ದಪ್ಪ ಕೊಂಬೆ, ಹಳೇ ಬಿದಿರನ್ನು ಸೌದೆಗೆ ಒಯ್ಯುವ ಮೊದಲು ದುಂಡನೆಯ ತೂತಿದೆಯೇ ಎಂದು ನೋಡಿ, ಇದ್ದರೆ ಅದೊಂದನ್ನು ನೆರಳಿನಲ್ಲಿ ನೆಲಕ್ಕೆ ತಾಗದಂತೆ ಕಟ್ಟಿಬಿಟ್ಟರಾಯಿತು.